ಕಪ್ಪೆ ಇರಬೇಕು

ಮನೆಗೆ ಬಣ್ಣ ಹಚ್ಚುವವರು ಬರುತ್ತಾರೆಂದು ಪುಸ್ತಕದ ಕಪಾಟು ಖಾಲಿ ಮಾಡುತ್ತಿದ್ದೆ. ಹಳೆಯ ಡೈರಿಯೊಂದು ಕೈಗೆ ಬಂತು. ವಿಮೆಯ ಏಜೆಂಟರು ಹೊಸ ವರ್ಷಕ್ಕೆ ಕೊಡುತ್ತಿದ್ದರಲ್ಲ, ಕಂದು ರೆಕ್ಸಿನ್ನಿನದು, ಅಂಥದ್ದು. ಕಪಾಟು ಖಾಲಿ ಮಾಡುವ ಕೆಲಸ ಯಾವಾಗಲೂ ಹೀಗೇ ಕೆಡುವುದು. ನೆಲದ ಮೇಲೆ ಕೂತು ಓದತೊಡಗಿದೆ.

ಆ ಒಂದು ವರ್ಷದ ಡೈರಿಯಲ್ಲಿ "ಹೊಂಡದಲ್ಲಿ ಏನೋ ಹಾರಿತು. ಕಪ್ಪೆ ಇರಬೇಕು" ಎಂಬ ಮಾತು ಒಂಬತ್ತು ಸಲ ಇದೆ. ಎಣಿಸಿದೆ. ನಂಬಿಕೆಯಾಗದೆ ಮತ್ತೆ ಎಣಿಸಿದೆ. ಮೇ ತಿಂಗಳಲ್ಲಿ ಒಂದು ಕಡೆ "ದೊಡ್ಡ ಕಪ್ಪೆ ಇರಬೇಕು" ಎಂದಿದೆ. ಸೆಪ್ಟೆಂಬರಿನಲ್ಲಿ "ಬಹಳ ದೊಡ್ಡ ಕಪ್ಪೆ." ಅಕ್ಷರ ನನ್ನದೇ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಜಾದವ್‌ಪುರದಲ್ಲಿ ಮೂರು ವರ್ಷ ಸಂಶೋಧನೆಯ ಹೆಸರಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದ ಹೆಂಗಸು, ಮಾರುದ್ದ ನೆಗೆದು ಬೆಳ್ಳಿಯಂಥ ಹೊಟ್ಟೆ ತೋರಿಸಿ ಬಾಲ ಬಡಿದು ಮುಳುಗಿದ ಪ್ರಾಣಿಯನ್ನು ಒಂಬತ್ತು ಸಲ ಕಪ್ಪೆ ಎಂದು ಬರೆದಿದ್ದಾಳೆ.

ಇಷ್ಟು ವರ್ಷ ಈ ಕತೆಯನ್ನು ನಾನು ಹೇಳಿಕೊಂಡು ಬಂದದ್ದು ಬೇರೆ ಥರ. ಊಟಕ್ಕೆ ಬಂದವರಿಗೆಲ್ಲ ಹೇಳಿದ್ದೇನೆ: ನನಗೆ ಏನೂ ಗೊತ್ತಿರಲಿಲ್ಲ, ನಮ್ಮ ಹೊಲದ ಪಾಲುದಾರ ನಿರಾಪದ ನಮ್ಮ ಕಣ್ಣಿಗೆ ಮಣ್ಣೆರಚಿದ, ಗೊತ್ತಾದ ದಿನ ನಾನು ಕಂಬದಂತೆ ನಿಂತುಬಿಟ್ಟೆ ಎಂದು. ಕಂಬದಂತೆ ನಿಂತದ್ದು ನಿಜವಿರಬಹುದು. ಉಳಿದದ್ದನ್ನು ಇವತ್ತು ನನಗೇ ನಂಬುವ ಧೈರ್ಯವಿಲ್ಲ. ಅದಕ್ಕೇ ನಿಮ್ಮೆದುರು ಇನ್ನೊಂದು ಸಲ ಹೇಳಿ ನೋಡುತ್ತೇನೆ.

ನನ್ನ ಗಂಡನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಕೋಲ್ಕತ್ತಕ್ಕೆ ವರ್ಗವಾಗಿ ಬಂದು ಜಾದವ್‌ಪುರ ಸ್ಟೇಷನ್ನಿನ ಹಿಂದೆ ಮೂರನೆಯ ಮಹಡಿಯಲ್ಲಿ ಮನೆ ಹಿಡಿದಿದ್ದೆವು. ಅತ್ತೆ ತೀರಿಕೊಂಡ ಮೇಲೆ ಮಾವನವರು ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಣೆಗೆ ವಿಭೂತಿ, ಅಂಗಿಯ ಕಿಸೆಯಲ್ಲಿ ಗಡಿಯಾರ. ಬಂದ ಮೊದಲ ಎಂಟು ತಿಂಗಳು ಬಾಲ್ಕನಿಯ ಕುರ್ಚಿ ಬಿಟ್ಟು ಏಳಲಿಲ್ಲ. ಕೆಳಗೆ ಹಾಯುವ ಲೋಕಲ್ ಟ್ರೇನುಗಳ ಕಡೆ ನೋಡುತ್ತ, "ಆರೂ ನಲವತ್ತರ ಗಾಡಿ ನಾಕು ನಿಮಿಷ ಲೇಟ್" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಊಟಕ್ಕೆ ಕರೆದರೆ "ಹಸಿವಿಲ್ಲ ಯವ್ವಾ" ಅನ್ನುವರು. ದಿನದಿನಕ್ಕೂ ಸಣ್ಣಗಾಗುತ್ತಿದ್ದರು. ಅವರ ಅಂಗಿಗಳನ್ನು ನಾನು ಎರಡು ಸಲ ಹಿಡಿದು ಹೊಲಿಸಿದೆ.

ಹೊಲ ಹುಟ್ಟಿದ್ದು ಸಬ್ಬಸಿಗೆಯ ದೆಸೆಯಿಂದ. ಆಗ ಕೋಲ್ಕತ್ತದ ಐ.ಟಿ. ಬಡಾವಣೆ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಬೆಂಗಳೂರು ಮೈಸೂರಿನ ಹುಡುಗ ಹುಡುಗಿಯರು ಗುಂಪುಗುಂಪಾಗಿ ಬಂದಿಳಿದಿದ್ದರು. ಕನ್ನಡದವರ ಕೂಟವೊಂದರಲ್ಲಿ ಪ್ರವೀಣ ಎಂಬ ಹುಡುಗ ನನ್ನ ಡಬ್ಬಿಯ ಚಿತ್ರಾನ್ನ ಮುಗಿಸಿ, "ಆಂಟಿ, ಈ ಊರಲ್ಲಿ ಎಲ್ಲಾ ಸಿಗುತ್ತೆ. ಸಬ್ಬಸಿಗೆ ಸೊಪ್ಪು ಒಂದು ಸಿಗಲ್ಲ. ಕನಸಲ್ಲಿ ವಾಸನೆ ಬರುತ್ತೆ, ಪ್ರಾಮಿಸ್!" ಅಂದ. ಪಕ್ಕದಲ್ಲಿದ್ದವರು ದಂಟು ಅಂದರು, ಹೊನಗೊನೆ ಅಂದರು, ಎಳೆ ಅವರೆ ಅಂದರು. ಮನೆಗೆ ಬಂದು ಹೇಳಿದೆ. ಎಂಟು ತಿಂಗಳಲ್ಲಿ ಮೊದಲ ಸಲ ಮಾವನವರು ರೈಲಿನಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು.

"ಹಕ್ಕರಕಿ ಯಾರೂ ಕೇಳಲಿಲ್ಲೇನು?"

"ಅವರೆಲ್ಲ ಆ ಕಡೆಯವರು, ಮಾವಾರ. ಹಕ್ಕರಕಿ ಗೊತ್ತಿಲ್ಲ ಅವರಿಗೆ."

"ಗೊತ್ತ ಮಾಡಿಸೂಣು" ಅಂದರು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು ಅದು.

ಲೋಕಲ್ ಗಾಡಿಯ ದಾರಿಯಲ್ಲಿ ಬಾರೂಯಿಪುರದ ಆಚೆ ಒಂದು ತುಂಡು ನೆಲ ವರ್ಷದ ಕರಾರಿಗೆ ಸಿಕ್ಕಿತು. ಒಂದು ಎಕರೆಯೂ ಇಲ್ಲ. ನಡುವೆ ಒಂದು ಹೊಂಡ. ಆ ನೆಲದಲ್ಲಿ ಅಪ್ಪನ ಕಾಲದಿಂದ ಪಾಲಿಗೆ ದುಡಿಯುತ್ತಿದ್ದ ನಿರಾಪದ ನಮಗೂ ಪಾಲುದಾರನಾದ. ಐವತ್ತರ ಮನುಷ್ಯ. ನನ್ನನ್ನು ಬೌದಿ, ಎಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ಮಾವನವರನ್ನು ದಾದು, ಎಂದರೆ ಅಜ್ಜ, ಅನ್ನುತ್ತಿದ್ದ. ಮಾವನವರಿಗೆ ಬಂಗಾಳಿ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ನಡುವೆ ನಾನು ಅನುವಾದಕ್ಕೆ ಹೋದರೆ ಇಬ್ಬರಿಗೂ ಕಿರಿಕಿರಿ.

ಹೊಲ ಒಪ್ಪಿಕೊಳ್ಳುವಾಗ ಮಾವನವರು ಒಂದೇ ಷರತ್ತು ಹಾಕಿದ್ದರು: ಹೊಂಡದಲ್ಲಿ ಮೀನು ಬೇಡ. ಹಾಗೆಂದರು ಎಂದು ನನ್ನ ನೆನಪು. ಅದನ್ನೇ ನಿರಾಪದನಿಗೆ ಹೇಳಿದೆ. ಅವನು ಬಾಯಲ್ಲಿದ್ದ ಬೀಡಿ ತೆಗೆದ.

"ಪುಕುರ್ ಇದೆ, ಮೀನಿಲ್ಲ?" ಎಂದು ಕೇಳಿದ. ಪುಕುರ್ ಎಂದರೆ ಹೊಂಡ.

"ಇಲ್ಲ."

"ತಿನ್ನೋದಕ್ಕೆ ಬೇಡ, ಸರಿ. ನೀರಿಗೆ ಬೇಡವಾ?"

"ನೀರಿಗ್ಯಾಕೆ ಮೀನು?"

ಅವನು ನನ್ನ ಗಂಡನ ಕಡೆ ತಿರುಗಿ, "ದಾದಾ, ಬೌದಿಗೆ ಮೈ ಹುಷಾರಿದೆಯಾ?" ಎಂದು ಕೇಳಿದ. ಮರುದಿನ ಹಳ್ಳಿಯ ನಾಲ್ಕು ಹೆಂಗಸರು ಹೊಂಡದ ದಂಡೆಗೆ ಬಂದು ನಿಂತು ನೋಡಿಹೋದರು. ನೀರನ್ನಲ್ಲ, ನಮ್ಮನ್ನು.

ಆ ಮಳೆಗಾಲದಲ್ಲಿ ನಮ್ಮ ಹೊಂಡ ಸತ್ತಿತು. ಹಾಗೆ ಹೇಳದೆ ಬೇರೆ ದಾರಿಯಿಲ್ಲ. ಮೇಲೆ ಹಸಿರು ಪಾಚಿ ಗಟ್ಟಿಯಾಗಿ ಕೂತಿತು, ಕೆಳಗೆ ನೀರು ಕೊಳೆಯಿತು. ಸೊಳ್ಳೆಗಳು ಹಗಲಲ್ಲೇ ಹಾಡಿದವು. ಆ ನೀರು ಹಾಯಿಸಿದ ಮಡಿಗಳಲ್ಲಿ ಮೆಂತ್ಯ ಹಳದಿಯಾಗಿ ಮಲಗಿತು. ನಾನು ರಾಸಾಯನಿಕ ಗೊಬ್ಬರ ಹಾಕುವವಳಲ್ಲ. ಬೇವಿನ ಹಿಂಡಿ, ಸೆಗಣಿ, ಅಂತರಗಂಗೆ ಕೊಳೆಸಿದ ಕಾಂಪೋಸ್ಟು, ಹೀಗೆ ಪುಸ್ತಕದಲ್ಲಿದ್ದದ್ದನ್ನೆಲ್ಲ ಮಾಡಿದೆ. ಪ್ರವೀಣ ಮತ್ತವನ ಗೆಳೆಯರಿಗೆ ಪ್ರತಿ ಶುಕ್ರವಾರ ಬುಟ್ಟಿ ಕಳಿಸುತ್ತೇನೆಂದು ಮಾತು ಕೊಟ್ಟಾಗಿತ್ತು. ಮೂರು ಶುಕ್ರವಾರ ಗರಿಯಾಹಾಟ್ ಮಾರ್ಕೆಟ್ಟಿನಿಂದ ಪಾಲಕ ಕೊಂಡು ಬುಟ್ಟಿ ತುಂಬಿಸಿದೆ. ಇದನ್ನು ಡೈರಿಯಲ್ಲಿ ಬರೆದಿಲ್ಲ. ಗಂಡನಿಗೂ ಹೇಳಿರಲಿಲ್ಲ. ನಿಮಗೇ ಮೊದಲು.

ದುರ್ಗಾಪೂಜೆ ಮುಗಿಯುವ ಹೊತ್ತಿಗೆ ಹೊಂಡ ತನ್ನಷ್ಟಕ್ಕೆ ತಾನೇ ಎದ್ದು ಕೂತಿತು. ಪಾಚಿ ಹೋಯಿತು, ನಾತ ಹೋಯಿತು. ನೀರಿಗೆ ತೆಳು ಹಸಿರು ಬಣ್ಣ ಬಂತು. ಚಳಿಗಾಲಕ್ಕೆ ನಮ್ಮ ಸಬ್ಬಸಿಗೆ ಮೊಣಕಾಲುದ್ದ. ಬದನೆಕಾಯಿ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಹಕ್ಕರಕಿಯ ರುಚಿ ಕಂಡ ಮೈಸೂರಿನ ಹುಡುಗಿಯರು ಎರಡು ಕಟ್ಟು ಹೆಚ್ಚು ಕೇಳಿದರು. ಬುಟ್ಟಿಗಳು ಹನ್ನೆರಡಿದ್ದದ್ದು ಐವತ್ತಾದವು. ಹೊಲ ಲಾಭಕ್ಕೆ ತಿರುಗಿತು. ಇದೆಲ್ಲ ನನ್ನ ಅಂತರಗಂಗೆಯ ಕಾಂಪೋಸ್ಟಿನ ಮಹಿಮೆ ಎಂದು ನಾನು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದರೆ ಒಂದು ಮಾತು. "ನಿಸರ್ಗಸ್ನೇಹಿ ತೋಟದ ಹತ್ತು ಸೂತ್ರಗಳು" ಎಂದು ಬರೆದು, ಜೆರಾಕ್ಸ್ ಮಾಡಿಸಿ, ಪ್ರತಿ ಬುಟ್ಟಿಯಲ್ಲೂ ಒಂದೊಂದು ಹಾಳೆ ಇಟ್ಟೆ.

ನಿಜ ಏನೆಂದರೆ, ನಮ್ಮ ಮೆಂತ್ಯ ಮಲಗಿದ್ದನ್ನು ನೋಡಲಾರದೆ ನಿರಾಪದ ಶ್ರಾವಣದ ಹೊತ್ತಿಗೇ ಹೊಂಡಕ್ಕೆ ಮೀನಿನ ಮರಿ ಬಿಟ್ಟಿದ್ದ. ಅವು ಪಾಚಿ ತಿಂದವು, ಸೊಳ್ಳೆಮರಿ ತಿಂದವು, ನಾವು ಎಸೆದ ಸೊಪ್ಪಿನ ಕಸ ತಿಂದವು. ಅವು ತಿಂದು ಬಿಟ್ಟದ್ದು ನೀರಿಗೆ ಸೇರಿ, ಆ ನೀರು ಮಡಿಗೆ ಹರಿದು, ಸಬ್ಬಸಿಗೆಯಾಗಿ, ಸೆಕ್ಟರ್ ಫೈವ್‌ನ ಶುದ್ಧ ಸಸ್ಯಾಹಾರಿಗಳ ಒಗ್ಗರಣೆಗೆ ಬೀಳುತ್ತಿತ್ತು. ಹಿಂಡಿಗೆ, ಕೂಲಿಗೆ ಇಷ್ಟು ಕಡಿಮೆಯಲ್ಲಿ ಹೇಗೆ ಸಾಗುತ್ತದೆ ಎಂದು ನಾನು ಕೇಳಿದರೆ ನಿರಾಪದ "ಸಾಗುತ್ತೆ ಬೌದಿ" ಅನ್ನುತ್ತಿದ್ದ. ದೊಡ್ಡವಾದ ಮೀನನ್ನು ಆಗೊಂದು ಈಗೊಂದು ಹಿಡಿದು ಮಾರಿ ಆ ಖರ್ಚು ತೂಗಿಸುತ್ತಿದ್ದ. ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ.

ಎರಡನೆಯ ಪ್ರಶ್ನೆ ಕೇಳದೇ ಇರುವುದು ನಮ್ಮ ತವರಿನ ಕಸುಬು. ಧಾರವಾಡದಲ್ಲಿ ನಮ್ಮ ಅಜ್ಜಿಗೆ ಓಣಿಯ ಬೇಕರಿಯ ಕೇಕೆಂದರೆ ಪ್ರಾಣ. ಜನ್ಮದಲ್ಲಿ ತತ್ತಿ ಮುಟ್ಟಿದವಳಲ್ಲ. "ಅದನ್ನ ಹ್ಯಾಂಗ ಇಷ್ಟ ಮೆತ್ತಗ ಮಾಡ್ತಾರೋ ಏನೋ" ಅನ್ನುತ್ತ ತಿನ್ನುವಳು. ಹೇಗೆ ಮಾಡುತ್ತಾರೆ ಎಂದು ಯಾರಾದರೂ ಹೇಳಲು ಬಾಯಿ ತೆರೆದರೆ, "ಸುಮ್ಮನ ತಿನ್ರಿ, ಮಾತಾಡ್ತಾ ತಿಂದ್ರ ಗಂಟಲಿಗೆ ಸಿಗತೈತಿ" ಎಂದು ಗದರುವಳು. ನಾವು ಮೊಮ್ಮಕ್ಕಳು ನಕ್ಕು ನಕ್ಕು ಸಾಯುತ್ತಿದ್ದೆವು. ಈಗ ಆ ನಗು ನನಗೆ ಬರುತ್ತಿಲ್ಲ.

ಡೈರಿಯಲ್ಲಿ ಇನ್ನೊಂದು ರತ್ನವಿದೆ. ಒಂದು ಶುಕ್ರವಾರ ಪ್ರವೀಣ ಫೋನ್ ಮಾಡಿ, "ಆಂಟಿ, ಬುಟ್ಟಿ ತಳದಲ್ಲಿ ಬಿಲ್ಲೆ ಥರ ಹೊಳೆಯೋದು ಏನೋ ಅಂಟಿಕೊಂಡಿದೆ, ಏನದು?" ಎಂದು ಕೇಳಿದನಂತೆ. ನಾನು "ಅಭ್ರಕ ಕಣಪ್ಪಾ, ಇಲ್ಲಿಯ ಮಣ್ಣಲ್ಲಿ ಇರುತ್ತೆ" ಎಂದು ಹೇಳಿದೆನಂತೆ. ಮೀನಿನ ಹುರುಪೆ ಅದು. ಬಾರೂಯಿಪುರದ ಮೆಕ್ಕಲುಮಣ್ಣಿನಲ್ಲಿ ಅಭ್ರಕದ ಬಿಲ್ಲೆ ಕಂಡವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಒಂದು ಭಾನುವಾರ ಅವನೇ ಆಫೀಸಿನ ಆರೇಳು ಜನರನ್ನು ಹೊಲ ತೋರಿಸಲು ಕರೆತಂದ. ನಾನು ದಂಡೆಯ ಮೇಲೆ ನಿಂತು ಸೂತ್ರಗಳನ್ನು ವಿವರಿಸುತ್ತಿದ್ದೆ. "ನೋಡಿ, ಬಂಗಾಳದಲ್ಲಿ ಮೀನಿಲ್ಲದ ಹೊಂಡ ಇದೊಂದೇ" ಅನ್ನುವುದಕ್ಕೂ ನೀರಿನ ನಡುವೆ ಒಗೆಯುವ ಕಲ್ಲಿಗೆ ಕಂಬಳಿ ಬಡಿದಂತೆ ಸದ್ದಾಗುವುದಕ್ಕೂ ಸರಿಹೋಯಿತು. ಗುಂಪಿನಲ್ಲಿದ್ದ ಬಂಗಾಳಿ ಹುಡುಗಿಯ ಮುಖ ಅರಳಿತು.

"ಆಂಟಿ, ಕಾತ್ಲಾ ಮೀನು!"

"ಕಪ್ಪೆ" ಅಂದೆ.

"ಆಂಟಿ, ಅದಕ್ಕೆ..."

"ಕಪ್ಪೆ, ಪುಟ್ಟಾ."

ಆಕೆ ಪ್ರವೀಣನ ಮುಖ ನೋಡಿದಳು. ಪ್ರವೀಣ ತನ್ನ ಬೂಟು ನೋಡಿದ. ತುಸು ದೂರದಲ್ಲಿ ಮಾವನವರು ಹಕ್ಕರಕಿಯ ಮಡಿಯಲ್ಲಿ ಕೂತಿದ್ದರು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಆ ಬೆನ್ನು ಈಗ ಅಂಗಿ ತುಂಬುತ್ತಿತ್ತು. ಬೆಳಗಿನ ಗಾಡಿಗೆ ನನಗಿಂತ ಮೊದಲು ಪ್ಲಾಟ್‌ಫಾರ್ಮಿನಲ್ಲಿರುತ್ತಿದ್ದರು. ಹೊಲದಲ್ಲಿ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈಚಾಚುತ್ತಿದ್ದರು. ಈ ಮನುಷ್ಯನಿಗೆ ಹೊಂಡದಲ್ಲಿ ಮೀನಿದೆ ಎಂದು ತಿಳಿದರೆ ಹೊಲ ಬಿಡುತ್ತಾರೆ. ಹೊಲ ಬಿಟ್ಟರೆ ಮತ್ತೆ ಬಾಲ್ಕನಿಯ ಕುರ್ಚಿ. ಆ ಕುರ್ಚಿಯಿಂದ ಎರಡನೆಯ ಸಲ ಏಳುವುದಿಲ್ಲ. ನನ್ನ ಕಪ್ಪೆಗಳೆಲ್ಲ ಹುಟ್ಟಿದ್ದು ಈ ಹೆದರಿಕೆಯಿಂದ ಎಂದು ಈಗ ಹೇಳಿಕೊಳ್ಳುತ್ತಿದ್ದೇನೆ. ಅದೂ ಪೂರ್ತಿ ನಿಜವೋ ಅಲ್ಲವೋ. ನನ್ನ ಹತ್ತು ಸೂತ್ರಗಳ ಮೇಲಿನ ಮೋಹವೂ ಇತ್ತಲ್ಲ.

ಊಟವಾದ ಮೇಲೆ ಮಾವನವರು ಉಳಿದ ರೊಟ್ಟಿಯನ್ನು ಪುಡಿ ಮಾಡಿ ಹೊಂಡಕ್ಕೆ ಚೆಲ್ಲುತ್ತಿದ್ದರು. ಹುಬ್ಬಳ್ಳಿಯಿಂದ ಪಾರ್ಸಲ್ ತರಿಸಿದ ಜೋಳದ ಹಿಟ್ಟಿನ ರೊಟ್ಟಿ. ಯಾರಿಗೆ ಎಂದರೆ, "ಯಾವುದರ ಒಂದು ಜೀವಕ್ಕ, ಯವ್ವಾ" ಅನ್ನುತ್ತಿದ್ದರು. ನಾನು ಬೇಗ ಮಾತು ತಿರುಗಿಸುತ್ತಿದ್ದೆ.

ಆ ವರ್ಷದ ಕೊನೆಗೆ ನಿರಾಪದನ ಮಗನ ಮದುವೆ ಗೊತ್ತಾಯಿತು. ಹುಡುಗ ಸೆಕ್ಟರ್ ಫೈವ್‌ನ ಗಾಜಿನ ಕಟ್ಟಡವೊಂದರ ಬಾಗಿಲಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದ. ಅರಿಶಿನದ ದಿನ ಬೆಳಿಗ್ಗೆ ದಾದು ಬಂದು ಆಶೀರ್ವದಿಸಲೇಬೇಕೆಂದು ನಿರಾಪದ ಪಟ್ಟು ಹಿಡಿದ. ಅಲ್ಲಿಯ ಪದ್ಧತಿಯಂತೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಅರಿಶಿನ, ಸೀರೆ, ಮಿಠಾಯಿ ತಟ್ಟೆಗಳಲ್ಲಿ ಹೋಗುತ್ತವೆ. ನಾವು ಮೂವರೂ ಹೋದೆವು. ಮಾವನವರು ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು, ತಲೆಗೆ ರುಮಾಲು ಸುತ್ತಿದ್ದರು.

ಅಂಗಳದಲ್ಲಿ ಚಾಪೆಯ ಮೇಲೆ ತಟ್ಟೆಗಳ ಸಾಲು. ನಡುವಿನ ದೊಡ್ಡ ತಟ್ಟೆಯಲ್ಲಿ ಕೆಂಪು ಸೀರೆ ಉಟ್ಟು, ಜರಿ ಸೆರಗು ಹೊದ್ದು ಯಾವುದೋ ಬೊಂಬೆ ಮಲಗಿತ್ತು. ಮಾವನವರು ಪ್ರೀತಿಯಿಂದ ಬಗ್ಗಿ, "ಚಂದ ಮಾಡ್ಯಾರ ನೋಡವಾ ಗೊಂಬಿ" ಅಂದರು. ನಿರಾಪದನ ಹೆಂಡತಿ ನಗುತ್ತ ಬಂದು ಸೆರಗು ಸರಿಸಿದಳು.

ಮೀನು. ಎರಡು ಕಿಲೋಗೂ ಮೇಲಿನ ರೋಹು ಮೀನು. ಹಣೆಗೆ ಕುಂಕುಮ, ಬಾಯಲ್ಲಿ ಮಡಿಸಿದ ವೀಳ್ಯದೆಲೆ, ತುಟಿಗೆ ಒಂದು ಮೂಗುತಿ. ಮದುಮಗಳಂತೆ ಸಿಂಗರಿಸಿದ ಮೀನು ಕಣ್ಣು ತೆರೆದೇ ನಮ್ಮನ್ನು ನೋಡುತ್ತಿತ್ತು. ಶುಭಕ್ಕೆ ಕಳಿಸುವುದು ಅವರಲ್ಲಿ ರೂಢಿ ಎಂದು ನನಗೆ ಕೇಳಿ ಗೊತ್ತಿತ್ತು. ಕಂಡಿರಲಿಲ್ಲ.

ನಿರಾಪದ ಹೆಮ್ಮೆಯಿಂದ ಬೀಗುತ್ತಿದ್ದ. ಮದುವೆಯ ಸಂಭ್ರಮದಲ್ಲಿ ಎಲ್ಲ ಮರೆತಿದ್ದ. "ದಾದು, ಬಜಾರಿಂದ ತಂದದ್ದಲ್ಲ! ನಮ್ಮದೇ ಪುಕುರ್! ನಿಮ್ಮ ಕೈಯಿಂದ ತಿಂದು ಬೆಳೆದದ್ದು. ನೀವೇ ಮೊದಲು ಅರಿಶಿನ ಮುಟ್ಟಿಸಬೇಕು."

ಹೇಳಿದ ಮೇಲೆ ಅವನಿಗೆ ನನ್ನ ಮುಖ ಕಂಡಿತು.

ಈ ಮಾತು ಅನುವಾದ ಮಾಡಬೇಕಾದವಳು ನಾನು. ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಮಾವನವರು ಮೊಣಕಾಲೂರಿ ಕೂತು, ಒಂದು ಬೆರಳಿನಿಂದ ಆ ಮೂಗುತಿಯನ್ನು ಮೆಲ್ಲಗೆ ಎತ್ತಿ ನೋಡಿದರು. ಅದರಡಿಯಲ್ಲಿ ಮೀನಿನ ತುಟಿ ಹಳೆಯ ಗಾಯವಾಗಿ ಸೀಳಿತ್ತು.

"ಹರಕ ತುಟೀದು" ಎಂದು ಕನ್ನಡದಲ್ಲಿ ಅಂದರು. ಅಲ್ಲಿ ನನಗೂ ನನ್ನ ಗಂಡನಿಗೂ ಬಿಟ್ಟರೆ ಯಾರಿಗೂ ತಿಳಿಯದ ಮಾತು. "ಎಲ್ಲಾದಕ್ಕಿಂತ ಮೊದಲ ಬರತಿತ್ತು ಇದು, ರೊಟ್ಟಿಗೆ."

ಅಂಗಳದ ಹೆಂಗಸರು ಕಾದು ನಿಂತಿದ್ದರು. ಅರಿಶಿನದ ಬಟ್ಟಲು ಹಿಡಿದ ಕೈಯೊಂದು ಮಾವನವರ ಮುಂದೆಯೇ ಇತ್ತು. ಮಾವನವರು ಎದ್ದು ಹೊರಟುಬಿಟ್ಟಿದ್ದರೆ ಆ ಮನೆಯ ಶುಭಕಾರ್ಯಕ್ಕೆ ಕಪ್ಪು ಬಳಿದಂತಾಗುತ್ತಿತ್ತು. ಅವರು ಕಿಸೆಗೆ ಕೈಹಾಕಿ ವಿಭೂತಿಯ ಗಟ್ಟಿ ತೆಗೆದರು. ಮೂರು ಬೆರಳಿಗೆ ಹಚ್ಚಿಕೊಂಡು ಮೀನಿನ ಹಣೆಗೆ ಅಡ್ಡಕ್ಕೆ ಎಳೆದರು. ನಮ್ಮಲ್ಲಿ ಮದುಮಗಳಿಗೂ ಹಾಗೇ ಹಚ್ಚುತ್ತಾರೆ, ಹೋದವರಿಗೂ ಹಾಗೇ ಹಚ್ಚುತ್ತಾರೆ. ಆಮೇಲೆ ಅರಿಶಿನ ಮುಟ್ಟಿಸಿದರು. ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಮಂಗಳದ ಉಲು ಹಾಕಿದರು. ಹೆಣ್ಣಿನ ಮನೆಯಲ್ಲಿ ಮೀನಿನ ಹಣೆಯ ಬೂದಿ ಕಂಡು ಅರ್ಧ ಗಂಟೆ ಚರ್ಚೆ ನಡೆಯಿತಂತೆ. ಕೊನೆಗೆ ಯಾರೋ ಹಿರಿಯರು "ಮದ್ರಾಸಿ ಆಶೀರ್ವಾದ, ತೊಳೆಯಬೇಡಿ" ಅಂದರಂತೆ.

ಇದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನನ್ನ ಗಂಡನನ್ನು ಕೇಳಿದರೆ, ಅಪ್ಪ ವಿಭೂತಿ ಹಚ್ಚಲೇ ಇಲ್ಲ, ಅರಿಶಿನ ಮುಟ್ಟಿಸಿದ್ದು ಅಷ್ಟೇ ಅನ್ನುತ್ತಾರೆ. ಹಾಗಾದರೆ ಹೆಣ್ಣಿನ ಮನೆಯ ಬೂದಿಯ ಕತೆ? ಅದನ್ನು ನಿರಾಪದ ಹೇಳಿದ್ದೋ, ನಾನೇ ಊಟಕ್ಕೆ ಬಂದವರಿಗಾಗಿ ಸೇರಿಸಿದ್ದೋ? ಡೈರಿ ತೆಗೆದು ಆ ದಿನದ ಪುಟ ನೋಡಿದೆ. "ಮದುವೆಗೆ ಹೋಗಿ ಬಂದೆವು. ಬಿಸಿಲು ಜೋರು" ಎಂದಿದೆ. ಪ್ರತಿ ಕಪ್ಪೆಗೂ ಲೆಕ್ಕವಿಟ್ಟವಳು ಆ ದಿನಕ್ಕೆ ಬಿಸಿಲು ಬರೆದಿದ್ದಾಳೆ.

ಮರುದಿನ ಮಾವನವರು ಗಾಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಾಲ್ಕನಿಯ ಕುರ್ಚಿಯ ಧೂಳು ತಾವೇ ಒರೆಸಿಕೊಂಡು ಕೂತರು. ಒಂದೇ ರೊಟ್ಟಿ ಸಾಕೆಂದರು. ನಿರಾಪದ ಪ್ರತಿ ಸಂಜೆ ಹಳ್ಳಿಯ ಅಂಗಡಿಯಿಂದ ಫೋನ್ ಮಾಡಿ, "ದಾದು ಬೈದರಾ? ಬೈದರೆ ಒಳ್ಳೆಯದಿತ್ತು" ಎಂದು ಅಳುದನಿಯಲ್ಲಿ ಕೇಳುತ್ತಿದ್ದ. ಎಂಟು ದಿನ ಕಳೆದವು. ಒಂಬತ್ತನೆಯ ದಿನ ಮಧ್ಯಾಹ್ನ ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಮಾವಾರ, ಹೊಂಡದಾಗ ಮೀನ ಇದ್ದದ್ದು ನನಗ ಗೊತ್ತಿತ್ತು. ನಿಮಗ ಹೇಳಲಿಲ್ಲ."

"ನನಗೂ ಗೊತ್ತಿತ್ತಲ್ಲ" ಅಂದರು.

ನಾನು ಅವರ ಮುಖ ನೋಡಿದೆ.

"ಹೋದ ವರ್ಷದ ದೀಪಾವಳಿಯಿಂದ ರೊಟ್ಟಿ ಹಾಕಾಕತ್ತೇನಿ. ಕಪ್ಪಿ ರೊಟ್ಟಿ ತಿಂತಾವೇನು, ಶೈಲಾ?"

"ಮತ್ತ ನೀವ ಮೀನ ಬ್ಯಾಡ ಅಂದಿದ್ರಿ!"

"ಮೀನ ಬ್ಯಾಡ ಅಂತ ನಾ ಯಾವಾಗ ಅಂದ್ನಿ? ನೀರಿದ್ದಲ್ಲೆ ಮೀನ ಇರತಾವ. ಅವಕ್ಕ ನಾ ಯಾರು ಬ್ಯಾಡ ಅನ್ನಾಕ? ಕೊಲ್ಲೂದು ಬ್ಯಾಡ ಅಂದಿದ್ನಿ."

ಒಳಗೆ ಹೋಗಿ ಹಿಂದಿನ ವರ್ಷದ ಡೈರಿ ತೆಗೆದೆ. ಹೊಲದ ಕರಾರಾದ ದಿನದ ಪುಟದಲ್ಲಿ ಅವರ ಮಾತನ್ನು ಅವರ ಧಾಟಿಯಲ್ಲೇ ಬರೆದಿಟ್ಟಿದ್ದೆ: "ಹೊಲ ಮಾಡೂದಾದ್ರ ಒಂದ ಮಾತು. ಆ ನೀರಾಗ ಕೊಲ್ಲೂದು ಬ್ಯಾಡ." ನಾನೇ ಕೇಳಿ, ನಾನೇ ಬರೆದು, ಎರಡೇ ದಿನಕ್ಕೆ ಅದನ್ನು "ಮೀನು ಬೇಡ" ಎಂದು ಮಾಡಿ ನಿರಾಪದನಿಗೆ ದಾಟಿಸಿದ್ದೆ. ಮೊದಲ ಮಳೆಗಾಲದಲ್ಲಿ ಹೊಂಡ ಸತ್ತದ್ದು ನನ್ನ ಆ ಒಂದು ಅನುವಾದದಿಂದ. ಆಮೇಲೆ ವರ್ಷವಿಡೀ ನಾನು ಅವರಿಂದ ಮೀನು ಮುಚ್ಚಿಟ್ಟೆ. ಅವರೋ, ಇಲ್ಲಿ ಯಾರೂ ಕೊಲ್ಲುತ್ತಿಲ್ಲ ಎಂದು ನಂಬಿ, ಕೊಲ್ಲುವುದಕ್ಕೆಂದು ಬೆಳೆಸಿದ ಮೀನಿಗೆ ತಮ್ಮ ಪಾಲಿನ ರೊಟ್ಟಿ ಹಾಕಿದರು. ಡೈರಿ ಹಿಡಿದು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

"ಎಷ್ಟು ಹೋಗ್ಯಾವ ಇಲ್ಲೀತನಕ?" ಎಂದು ಕೇಳಿದರು.

"ನನಗ ಗೊತ್ತಿಲ್ಲ, ಮಾವಾರ. ಕೇಳಿಲ್ಲ."

ಕೆಳಗೆ ಒಂದು ಲೋಕಲ್ ಹಾದುಹೋಯಿತು. ಅವರು ಗಡಿಯಾರ ನೋಡಲಿಲ್ಲ.

"ಕೇಳಿಲ್ಲ" ಎಂದು ನನ್ನ ಮಾತನ್ನೇ ಮೆಲ್ಲಗೆ ಅಂದರು. "ಮೀನ ಇಲ್ಲದ ಆ ನೆಲ ನಡಿಯಂಗಿಲ್ಲ ಅಂತ ಈಗ ನನಗೂ ತಿಳಿದೈತಿ. ನಿರಾಪದ ತಿಂಬಾಂವ. ಅವನಿಗೆ ನಾ ಏನ್ ಅನ್ನಲಿ? ನಮ್ಮ ಸಬ್ಬಸಗೀನೂ ಅದನ್ನ ತಿಂದ ಬೆಳದೈತಿ. ಆದ್ರ ಯವ್ವಾ, ಮೂವತ್ತ ವರ್ಷ ಗಾರ್ಡಗ ಹೇಳದ ಯಾರೂ ಗಾಡಿ ಬಿಡಲಿಲ್ಲ. ಬಲಿ ಹಾಕೂದಿದ್ರ ಹಿಂದಿನ ದಿನ ನನಗ ಹೇಳ್ರಿ. ಆ ದಿನ ನಾ ಬರಂಗಿಲ್ಲ. ಹೇಳದ ಹಾಕಿದ್ರ ಮುಂದ ಎಂದೂ ಬರಂಗಿಲ್ಲ."

ಬಲೆಗೆ ನಮ್ಮ ಕಡೆ ಬಲಿ ಎಂದೇ ಅನ್ನುತ್ತೇವೆ. ಹೇಳಿ ಹಾಕಿದರೆ ಮತ್ತೆ ಹೊಲಕ್ಕೆ ಬರುತ್ತೀರಾ ಎಂದು ಕೇಳುವ ಧೈರ್ಯವಾಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಿರಾಪದನ ಫೋನ್ ಬಂತು. ಅಷ್ಟು ದಿನ ಅವನು ಬಲೆ ಮುಟ್ಟಿರಲಿಲ್ಲ, ಮಾವನವರೂ ಹೊಲಕ್ಕೆ ಬಂದಿರಲಿಲ್ಲ. ಹೊಂಡದಲ್ಲಿ ಮೀನು ಹೆಚ್ಚಾಗಿದೆ, ತೆಗೆಯದಿದ್ದರೆ ಉಸಿರು ಸಿಗದೆ ಸಾಯುತ್ತವೆ, ನಾಳೆ ಬೆಳಿಗ್ಗೆ ಬಲೆ ಹಾಕಬೇಕು ಎಂದ. ಮಾವನವರ ಎದುರು ಹೋಗಿ ನಿಂತೆ. ಮೂರು ಶಬ್ದದ ವಾಕ್ಯ. ಪಿಎಚ್.ಡಿ. ಬಿಡುತ್ತೇನೆಂದು ಪ್ರೊಫೆಸರಿಗೆ ಹೇಳುವುದೂ ಅಷ್ಟು ಕಷ್ಟವಾಗಿರಲಿಲ್ಲ.

"ಮಾವಾರ, ನಾಳೆ ಬಲಿ."

ಅವರು ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸಿದರು. "ನೀ ಹೋಗ್ತೀಯೇನು?"

"ಇಲ್ಲ. ನನಗ ನೋಡಾಕ ಆಗೂದಿಲ್ಲ."

"ಹೋಗು" ಅಂದರು. "ಯಾರರ ಒಬ್ರು ಕಣ್ಣ ತಗದು ನೋಡಬೇಕು."

ಹೋದೆ. ನಿರಾಪದನೂ ಅವನ ಇಬ್ಬರು ಭಾವಮೈದುನರೂ ಸೊಂಟದುದ್ದ ನೀರಿನಲ್ಲಿಳಿದು ಬಲೆಯ ಎರಡು ತುದಿ ಹಿಡಿದು ಈ ದಂಡೆಯಿಂದ ಆ ದಂಡೆಗೆ ನಡೆದರು. ಮೊದಲು ನೀರು ಸುಮ್ಮನಿತ್ತು. ಅವರು ಹತ್ತಿರ ಬಂದಂತೆ ಮಡಕೆಯಲ್ಲಿ ಎಸರು ಕುದಿದಂತೆ ಕುದಿಯಿತು. ಬಲೆ ದಂಡೆಗೆ ಬಂದಾಗ ಒಂದು ಮೀನು ಚಿಮ್ಮಿ ನನ್ನ ಮೊಣಕಾಲಿಗೆ ಹೊಡೆದು ಹುಲ್ಲಿನ ಮೇಲೆ ಬಿತ್ತು. ನಾನು ಗಿಡಗಳನ್ನು ಓದಿದವಳು. ಗಿಡ ಕಿತ್ತರೆ ಸದ್ದಿಲ್ಲ. ಇವಕ್ಕೆ ದನಿಯಿಲ್ಲವೆಂದು ತಿಳಿದಿದ್ದೆ, ಆದರೆ ಮೈಯೇ ನೆಲಕ್ಕೆ ಬಡಿದು ಸದ್ದು ಮಾಡುತ್ತದೆ. ಆ ಸದ್ದು ನಿಧಾನವಾಗುತ್ತದೆ, ನಿಲ್ಲುತ್ತದೆ, ನಿಂತಿತು ಅಂದುಕೊಂಡಾಗ ಇನ್ನೊಮ್ಮೆ ಬರುತ್ತದೆ. ಕಿವಿರು ಮುಚ್ಚಿ ತೆರೆದು ಮಾಡುತ್ತಿತ್ತು. ನಿರಾಪದ ಎರಡು ಸಲ "ಬೌದಿ, ಆ ಕಡೆ ಹೋಗಿ" ಅಂದ. ಹೋಗಲಿಲ್ಲ. ಇಪ್ಪತ್ತಮೂರು ಮೀನು. ಕೊನೆಯದು ನಿಲ್ಲುವ ತನಕ ನಿಂತಿದ್ದೆ. ಆಮೇಲೆ ಹಕ್ಕರಕಿಯ ಮಡಿಯ ಆಚೆ ಹೋಗಿ ವಾಂತಿ ಮಾಡಿಕೊಂಡೆ.

ಮನೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಬಾಗಿಲು ತೆರೆದವರು ಮಾವನವರೇ. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ನೋಡಿದೇನು?"

"ನೋಡಿದೆ. ಇಪ್ಪತ್ತಮೂರು."

ಹೇಗೆ, ಎಷ್ಟು ಹೊತ್ತು, ಎಲ್ಲ ಹೇಳಿದೆ. ನಡುವೆ ಎಲ್ಲಿಯೂ ತಡೆಯಲಿಲ್ಲ. ಪೂರ್ತಿ ಕೇಳಿದರು.

"ಕೈಕಾಲ ತೊಳಕೊಂಡ ಬಾ, ಉಣ್ಣೂಣು" ಅಂದರು. "ನಾಳೆ ನಸಿಕ್ನ್ಯಾಗ ಏಳಬೇಕು. ಶುಕ್ರವಾರದ ಸಬ್ಬಸಗಿ ಕೊಯ್ಯೂದೈತಿ, ನಿನ್ನೊಬ್ಬಾಕಿ ಕೈಲೆ ಆಗೂದಿಲ್ಲ."